ಹಿಂದಿನ ಎರಡು ಗಾಲಿ

೧೯೩೬ನೆಯ ಇಸವಿ ನವೆಂಬರ್ ೧೨, ಗುರುವಾರ. ಬೆಳಿಗ್ಗೆ ಹತ್ತೂ ನಲವತ್ತಕ್ಕೆ ಬೇಲೆಕೇರಿಯ ಕೂಲಿಯಾಳು ಸುಕ್ರ ಅಂಕೋಲೆಯ ಪೊಲೀಸ್ ಠಾಣೆಗೆ ನಡೆದು ಬಂದ. ಒಳಗೆ ಕರೆದರೂ ಬರದೆ ಮೆಟ್ಟಿಲ ಕೆಳಗೇ ನಿಂತ. ಫೌಜದಾರ ಗಜಾನನ ಪೆಡ್ನೇಕರ ತಾನೇ ಹೊರಗೆ ಬಂದ.

“ಏನಾಯ್ತು?”

“ವಡೆಯಾ, ಮೋಟಾರು ಹಿಂದೆ ಬಂತು. ಒಳಗೆ ಯಾರೂ ಇರ್ಲಿಲ್ಲ. ನನ್ನ ಹೆಂಡ್ತಿ ತಿಮ್ಮಿ ಕಟ್ಟಿಗೆ ಹೊರೆ ಇಳಿಸಿ ಕೂತಿದ್ಲು.”

“ಜೀವ ಇದೆಯೋ?”

ಸುಕ್ರ ಹೆಗಲ ಮೇಲಿನ ಬಟ್ಟೆ ತೆಗೆದು ಮಡಚಿದ, ಮತ್ತೆ ಬಿಚ್ಚಿದ. “ಇಲ್ಲ,” ಅಂದ.

ಎಫ್‌ಐಆರ್ ಬರೆದುಕೊಂಡು ಫೌಜದಾರ ಪೇದೆ ಕುಪ್ಪನ ಜೊತೆ ಹೊರಟ. ಸ್ಥಳ ತಲುಪಿದಾಗ ಹನ್ನೆರಡು ಗಂಟೆ. ಬೇಲೆಕೇರಿಯ ಏರಿನ ತುದಿಯಲ್ಲಿ ನಿಂತಿದ್ದ ಕಾರವಾರದ ಸರ್ವಿಸ್ ಮೋಟಾರು ನಲವತ್ತು ಮಾರು ಹಿಂದಕ್ಕೆ ಉರುಳಿ ಹೊಂಗೆಮರಕ್ಕೆ ಬಡಿದಿತ್ತು. ಪಂಚರೆದುರು ಪಂಚನಾಮೆ ನಡೆಯಿತು. ಕಟ್ಟಿಗೆ ಹೊರೆ ಒಂದು. ಕಟ್ಟಿಗೆ ಕಡಿಯುವ ಕತ್ತಿ ಒಂದು, ತುಕ್ಕಿಲ್ಲದ್ದು, ಎಣ್ಣೆ ಸವರಿದ್ದು. ಮೋಟಾರಿನ ಕೈಬ್ರೇಕಿನ ಸನ್ನೆಗೋಲು ಹಲ್ಲುಪಟ್ಟಿಯ ಆರನೆಯ ಹಲ್ಲಿನಲ್ಲಿ ಸಿಕ್ಕಿ ನಿಂತಿತ್ತು. ಅಂದರೆ ಯಾರೋ ಅದನ್ನು ಪೂರ್ತಿ ಎಳೆದಿದ್ದರು.

ಡ್ರೈವರ್ ಮಾಬ್ಲೇಶ್ವರ ರಸ್ತೆಯ ಅಂಚಿನಲ್ಲಿ ಕೂತಿದ್ದ. ಅದೇ ಊರಿನವನು, ಮೀನುಗಾರ ಖಾರ್ವಿಗಳ ಪೈಕಿ. ತಿಮ್ಮಿಯನ್ನು ಗಾಲಿಯ ಅಡಿಯಿಂದ ಎಳೆದು ತೆಗೆದವನೂ ಅವನೇ. ಬಲ ಅಂಗೈಯಲ್ಲಿ ಒಡೆದ ಬೊಬ್ಬೆಗಳಿದ್ದವು.

“ಬ್ರೇಕು ಎಳೆದಿದ್ಯಾ?”

“ಇಲ್ಲ ಸಾಹೇಬ್ರೆ. ಮೀನಿನ ಬುಟ್ಟಿ ಮೇಲೆ ಏರ್ಸೂಕೆ ಇಳಿದೆ. ಎಳೆಯೂಕೆ ಮರ್ತೆ.”

“ಸನ್ನೆ ಆರನೇ ಹಲ್ಲಿಗಿದೆ.”

“ಆಮೇಲೆ ಯಾರಾದ್ರೂ ಎಳೆದಿರ್ಬೇಕು.”

“ಯಾರು?”

ಮೋಟಾರು ಮರಕ್ಕೆ ಬಡಿದಾಗಿನಿಂದ ಅದರೊಳಗೆ ಯಾರೂ ಹತ್ತಿಲ್ಲವೆಂದು, ಏರಿನ ಮೇಲೆ ಕೆಳಗಿಳಿದಿದ್ದ ಪ್ರಯಾಣಿಕರು ಮೂವರು ಹೇಳಿಕೆ ಕೊಟ್ಟಿದ್ದರು. ಮಾಬ್ಲೇಶ್ವರನನ್ನು ಠಾಣೆಗೆ ಕರೆದೊಯ್ಯಲಾಯಿತು. ದಾರಿಯಲ್ಲಿ ಕುಪ್ಪ ಮೆಲ್ಲಗೆ, “ಬಚಾವಾಗೂಕೆ ಸುಳ್ಳು ಹೇಳೋರು ನೂರು ಜನ ಸಿಕ್ಕಿದ್ರು ಸಾಹೇಬ್ರೆ. ಒಳಗೆ ಹೋಗೂಕೆ ಸುಳ್ಳು ಹೇಳೋನು ಇವ್ನೇ ಮೊದಲು,” ಅಂದ.

ಮರುದಿನ ಬೆಳಿಗ್ಗೆ ಎಂಟಕ್ಕೆ ಕಾರವಾರದಿಂದ ಫಿಟ್ಟರ್ ಪುಂಡಲೀಕನನ್ನು ಮೋಟಾರಿದ್ದಲ್ಲಿಗೆ ಕರೆಸಿದರು. ಅವನು ಹಿಂದಿನ ಗಾಲಿಗಳನ್ನು ಬಿಚ್ಚಿ, ತಾಟಿನಂತಿದ್ದ ಕಬ್ಬಿಣದ ಡ್ರಮ್ಮುಗಳನ್ನು ಎಳೆದು ತೆಗೆದ. ಒಳಗೆ ಅರ್ಧಚಂದ್ರಾಕಾರದ ಎರಡೆರಡು ಬ್ರೇಕ್ ಶೂಗಳು.

“ನೋಡಿ ಸಾಹೇಬ್ರೆ. ಸನ್ನೆ ಎಳೆದ್ರೆ ತಂತಿ ಬಿಗೀತದೆ, ಶೂ ಅಗಲಾಗಿ ಡ್ರಮ್ಮಿಗೆ ಒತ್ತುತ್ತದೆ. ಶೂ ಮೇಲಿನ ಈ ಲೈನಿಂಗ್ ಪಟ್ಟಿ ಉಜ್ಜಿ ಹಿಡೀಬೇಕು. ಒಣಗಿದ್ರೆ ಮಾತ್ರ ಹಿಡೀತದೆ.” ಬೆರಳಿನಿಂದ ಲೈನಿಂಗನ್ನು ಒತ್ತಿದ. ಹಳದಿ ಎಣ್ಣೆ ಜಿನುಗಿತು. “ಇದ್ರಲ್ಲಿ ಬಂಗಡೆ ಹುರೀಬಹುದು.”

“ಅಚ್ಚಿನಿಂದ ಸೋರಿದ್ದೋ?”

“ಅಚ್ಚಿನ ಎಣ್ಣೆ ಕಪ್ಪು, ದಪ್ಪ. ಇದು ಬೇರೆ. ತಂತಿ ಒಳಗೆ ಹೋಗೂ ತೂತಿಂದ ಯಾರೋ ಬಿಟ್ಟಿದ್ದು. ಎರಡೂ ಕಡೆ. ಕೈಬ್ರೇಕು ಹಿಡಿಯೂದು ಈ ಎರಡು ಗಾಲಿಗೆ ಮಾತ್ರ.”

ಕುಪ್ಪ ಬಗ್ಗಿ ಮೂಸಿದ. “ತಾರ್ಲೆ ಮೀನಿನ ಎಣ್ಣೆ. ನಿನ್ನೆ ಆ ಕತ್ತಿಗೂ ಇದೇ ವಾಸನೆ ಇತ್ತು.”

ಸುಕ್ರನನ್ನು ಠಾಣೆಗೆ ಕರೆಸಿ, ಮೆಟ್ಟಿಲ ಕೆಳಗೆ ನಿಂತವನಿಗೆ ಕತ್ತಿ ತೋರಿಸಿದರು.

“ಇದಕ್ಕೆ ಎಣ್ಣೆ ಯಾರು ಹಚ್ಚಿದ್ದು?”

“ಕಾಶಿ ಆಯಿ, ವಡೆಯಾ. ಡ್ರೈವರನ ಅವ್ವಿ. ಕಟ್ಟಿಗೆ ಕೊಡೂಕೆ ಹೋದಾಗೆಲ್ಲ ತಿಮ್ಮಿ ಕೈಯಿಂದ ಕತ್ತಿ ಈಸ್ಕೊಂಡು ಹಚ್ಚಿ ಕೊಡ್ತಿದ್ಲು.”

ಬೇಲೆಕೇರಿಗೆ ಹೊರಡುವ ಮೊದಲು ಫೌಜದಾರ ಲಾಕಪ್ಪಿನ ಮುಂದೆ ನಿಂತ. “ಮೋಟಾರಿನ ಅಡಿಗೆ ನುಗ್ಗಿದಾಗಲೇ ನಿನಗೆ ವಾಸನೆ ಬಂದಿತ್ತು. ಹೌದೋ?”

ಮಾಬ್ಲೇಶ್ವರ ಕಂಬಿ ಹಿಡಿದುಕೊಂಡ. “ನಾ ಹೇಳಿದ್ದೇ ಬರ್ಕೊಳ್ಳಿ ಸಾಹೇಬ್ರೆ. ಎಷ್ಟು ವರ್ಷ ಆದ್ರೂ ಹಾಕಿ. ಆಯಿಗೆ ಗೊತ್ತಾಗೂದು ಬೇಡ.”

“ಆಕೆಯನ್ನ ಕೇಳದೆ ಇರೋಕೆ ನನಗಾಗೋದಿಲ್ಲ.”

“ಅವಳಿಗೆ ತಿಮ್ಮಿ ಅಂದ್ರೆ ಮಗಳು.”

ಮಧ್ಯಾಹ್ನ ಎರಡೂವರೆಗೆ ಅವರು ಬೇಲೆಕೇರಿಯ ಕಡಲಂಚಿನ ಮನೆಯಲ್ಲಿದ್ದರು. ಕಾಶಿಗೆ ಅರವತ್ತರ ಆಚೆ. ಅತ್ತು ಅತ್ತು ಕಣ್ಣು ಬಾತಿದ್ದವು. ಕೇಳುವ ಮೊದಲೇ ಅವಳೇ ಶುರುಮಾಡಿದಳು.

“ನನ್ನ ಮಗ ಮರೆಯೋನಲ್ಲ ಸಾಹೇಬ್ರೆ. ಬ್ರೇಕಿನದೂ ತಪ್ಪಿಲ್ಲ. ಬುಧವಾರ ಸಂಜೆ ಮೋಟಾರು ಮನೆ ಮುಂದೆ ನಿಂತಾಗ ನಾನೇ ಎಣ್ಣೆ ಬಿಟ್ಟಿದ್ದೆ, ಬರ್ಕೊಳ್ಳಿ.”

ಕುಪ್ಪ ಅಂಗಳದ ಕಡೆ ತಿರುಗಿದ.

“ಯಾಕೆ ಬಿಟ್ಟೆ, ಆಯಿ?” ಫೌಜದಾರ ಕೇಳಿದ.

“ಉಪ್ಪುಗಾಳಿಗೆ ಸನ್ನೆ ಹಿಡ್ಕೊಂಡಿತ್ತು. ಎಳೆದು ಎಳೆದು ಕೈಯೆಲ್ಲ ಬೊಬ್ಬೆ ಅವ್ನಿಗೆ. ನಮ್ಮಲ್ಲಿ ದೋಣಿಯ ಕಬ್ಬಿಣಕ್ಕೆಲ್ಲ ತಾರ್ಲೆ ಎಣ್ಣೆ ಕುಡಿಸೂದು. ಒಂದು ವರ್ಷ ಹಾಕೂಕಾಗ್ಲಿಲ್ಲ. ಚುಕ್ಕಾಣಿಯ ಕಬ್ಬಿಣ ತುಕ್ಕು ತಿಂದು ಮುರೀತು. ಇವನಪ್ಪ ಬರ್ಲಿಲ್ಲ. ಅದ್ಕೇ ಇವನಿಗೆ ದೋಣಿ ಬೇಡ, ಮೋಟಾರು ಕಲಿ ಅಂದೆ.”

ಬಾಗಿಲ ಸಂದಿಯಿಂದ ಎಣ್ಣೆಯ ಕರಟ ತಂದು ತೋರಿಸಿದಳು. ತಳದಲ್ಲಿ ಚೂರೇ ಉಳಿದಿತ್ತು. “ನಾಲ್ಕೂ ಗಾಲಿಗೆ ಸಾಕಾಗ್ಲಿಲ್ಲ. ಹಿಂದಿನ ಎರಡಕ್ಕೇ ಹಾಕ್ದೆ.” ಇದ್ದಕ್ಕಿದ್ದಂತೆ ಅವಳ ಮುಖದಲ್ಲಿ ಅಂಜಿಕೆ ಕಾಣಿಸಿತು. “ಮುಂದಿನದಕ್ಕೂ ಹಾಕಿದ್ರೆ ನಿಲ್ತಿತ್ತಾ?”

ಫೌಜದಾರ ಟೊಪ್ಪಿಗೆ ತೆಗೆದು ಪಕ್ಕಕ್ಕಿಟ್ಟ. ತನಗೆ ಪುಂಡಲೀಕ ಹೇಳಿದ್ದನ್ನು ಒಂದೊಂದಾಗಿ ಅವಳಿಗೆ ಹೇಳಿದ. ಮನೆಯ ಮುಂದಿನ ಮರಳು ಮಟ್ಟಸವಾಗಿತ್ತು, ಮೋಟಾರು ಅಲ್ಲಿ ಉರುಳಲಿಲ್ಲ. ಏರಿನ ಮೇಲೆ ಹಾಗಲ್ಲ. ಕಾಶಿ ಕೊನೆಯವರೆಗೂ ಕೇಳಿದಳು. ಆಮೇಲೆ ಎರಡೂ ಕೈಗಳನ್ನು ಮೂಗಿನ ಹತ್ತಿರ ತಂದು ಮೂಸಿದಳು, ಬೇರೆ ಯಾರದೋ ಕೈಗಳೆಂಬಂತೆ ದೂರ ಹಿಡಿದಳು.

ಸಂಜೆ ಐದೂ ಹತ್ತಕ್ಕೆ ಇಂಡಿಯನ್ ಪೀನಲ್ ಕೋಡಿನ ೩೦೪-ಎ ಕಲಮಿನ ಮೇಲೆ ಆಕೆಯನ್ನು ದಸ್ತಗಿರಿ ಮಾಡಲಾಯಿತು. ಮಾಬ್ಲೇಶ್ವರನನ್ನು ಬಿಟ್ಟರು. ಅವನು ಠಾಣೆಯ ಮೆಟ್ಟಿಲಿಳಿದು ಅಲ್ಲೇ ಕೂತ. ಜಾಮೀನಿನ ಮೇಲೆ ಬಿಡಬಹುದಾದ ಗುನ್ನೆ. ಫೌಜದಾರ ಎರಡು ಸಲ ಹೇಳಿದ. ಕಾಶಿ ಲಾಕಪ್ಪಿನ ನೆಲದಿಂದ ಏಳಲಿಲ್ಲ.

ಶನಿವಾರ ಬೆಳಿಗ್ಗೆ ಸುಕ್ರ ಕತ್ತಿ ಕೇಳಲು ಬಂದ. ಅದು ಮುದ್ದೆಮಾಲು, ಕೇಸಿನ ಪುರಾವೆ, ಈಗ ಕೊಡಲಾಗದು ಎಂದ ಕುಪ್ಪ, ಉಳಿದದ್ದನ್ನೂ ತಿಳಿಸಿದ. ಸುಕ್ರ ಮೊದಲ ಸಲ ಮೆಟ್ಟಿಲು ಹತ್ತಿ ಒಳಗೆ ಬಂದು ಕಂಬಿಯ ಹತ್ತಿರ ಕುಕ್ಕರಗಾಲಿನಲ್ಲಿ ಕೂತ.

“ಆಯಿ, ಗಂಜಿ ಉಂಡ್ಯಾ?”

ಕಾಶಿ ಗೋಡೆಯ ಕಡೆ ತಿರುಗಿದಳು.

ಕೇಸ್ ಡೈರಿಯಲ್ಲಿ ಕೃತ್ಯದ ಕಾರಣ ಬರೆಯುವುದು ಉಳಿದಿತ್ತು. ಫೌಜದಾರ ‘ಅಜ್ಞಾನ’ ಎಂದು ಬರೆದು ಹೊಡೆದುಹಾಕಿದ. ಲೇಖನಿ ಅದ್ದಿ, ಹೊರಗೆ ಮೆಟ್ಟಿಲ ಬಳಿ ಇನ್ನೂ ಕೂತಿದ್ದ ಮಾಬ್ಲೇಶ್ವರನನ್ನು ನೋಡಿದ. ಆಮೇಲೆ ಬರೆದ: ‘ಮಗನ ಬಲ ಅಂಗೈಯಲ್ಲಿ ಬೊಬ್ಬೆಗಳು ಎದ್ದಿದ್ದವು.’