ಸೂಜಿ ಮಾತ್ರ ನನ್ನದು

"ಯಾರ್ರೀ ನನ್ನ ಟೆನ್ಷನ್ ಮುಟ್ಟಿದ್ದು?"

ನಡುಕೋಣೆಯ ಬಾಗಿಲಲ್ಲಿ ನಿಂತು ಅವಳು ಕೂಗಿದ ಕೂಗಿಗೆ ಅತ್ತೆಯ ಕೈಯಲ್ಲಿದ್ದ ಗುಂಡಿಗಳ ಡಬ್ಬಿ ಜಾರಿ ಬಿತ್ತು. ಸೊಸೆ ಇಷ್ಟು ದೊಡ್ಡ ದನಿ ತೆಗೆದು ಮೂರು ವರ್ಷವಾಗಿತ್ತು. ಅತ್ತೆ ಗುಂಡಿ ಆರಿಸುವುದನ್ನು ಬಿಟ್ಟು ಕಿವಿ ನೆಟ್ಟಗೆ ಮಾಡಿಕೊಂಡರು.

ಕೋಣೆಯ ಆಚೆ ಬಾಗಿಲಿನಿಂದ ಒಂದು ತಲೆ ಇಣುಕಿತು. ಕೂದಲಲ್ಲಿ ಹಳದಿ ದಾರದ ಎರಡು ತುಂಡು, ಮೂಗಿನ ತುದಿಯಲ್ಲಿ ಕನ್ನಡಕ.

"ನಿಮ್ಮ ಟೆನ್ಷನ್ ನಾನ್ಯಾಕೆ ಮುಟ್ಲಿ ಮೇಡಂ? ಮಷಿನ್‌ದು ಮುಟ್ಟಿದ್ದೆ. ನಿನ್ನೆ ಬನಿಯನ್ ಬಟ್ಟೆ ಹೊಲಿದೆ, ಅದಕ್ಕೆ ದಾರದ ಬಿಗಿ ಸ್ವಲ್ಪ ಸಡಿಲ ಮಾಡ್ಬೇಕಾಯ್ತು."

"ಮುಗಿದ ಮೇಲೆ ಮೊದಲಿದ್ದ ಹಾಗೆ ಇಡೋಕೆ ಏನು ಧಾಡಿ? ನೋಡಿ ಈ ಸ್ಕರ್ಟು. ಅಂಚೆಲ್ಲ ಹಲ್ಲುದುರಿದ ಬಾಚಣಿಗೆ ಥರ ಆಗಿದೆ."

ಅವನು ಅಂಚನ್ನು ಬೆರಳಲ್ಲಿ ಸವರಿ ನೋಡಿದ. "ಹೊಲಿಯೋಕೆ ಮುಂಚೆ ಚೂರು ಬಟ್ಟೆ ಮೇಲೆ ಓಡಿಸಿ ನೋಡ್ಲಿಲ್ವಾ?"

ನೋಡಿರಲಿಲ್ಲ. ಅದಕ್ಕೇ ಅವಳ ಸಿಟ್ಟು ಇಮ್ಮಡಿಯಾಯಿತು.

ಎರಡು ಅಂಗಡಿಗಳ ನಡುವೆ ಒಂದು ಸಣ್ಣ ಕೋಣೆ, ಆ ಕೋಣೆಗೆ ಎರಡೂ ಕಡೆ ಬಾಗಿಲು, ನಡುವೆ ಮೇಜಿನ ಮೇಲೆ ಒಂದು ಓವರ್‌ಲಾಕ್ ಮಷಿನ್. ಬಟ್ಟೆಯ ಅಂಚನ್ನು ಬ್ಲೇಡಿನಿಂದ ಕತ್ತರಿಸುತ್ತಲೇ ಮೂರು ದಾರ ಹೆಣೆದು ಎಳೆ ಬಿಚ್ಚದಂತೆ ಮುಚ್ಚುವ ಮಷಿನ್ನು. ಈ ಕಡೆ ಅವಳದು ಹೆಂಗಸರ ಉಡುಪಿನ ಅಂಗಡಿ. ಆ ಕಡೆ ಮಕ್ಕಳ ಬಟ್ಟೆ ಹೊಲಿಯುವವನು, ಬೀದಿಯವರೆಲ್ಲ 'ಮಾಸ್ಟರ್' ಎನ್ನುವವನು. ಇಬ್ಬರಿಗೂ ಮಷಿನ್ ಬೇಕಿತ್ತು, ಇಬ್ಬರಿಗೂ ದಿನವಿಡೀ ಬೇಕಿರಲಿಲ್ಲ. ಸೇರಿ ಒಂದನ್ನೇ ತರಿಸಿ ಎಂದು ಮಧ್ಯಸ್ಥಿಕೆ ಮಾಡಿದವರು ಅತ್ತೆ. ಬೆಳಿಗ್ಗೆಯಿಂದ ಒಂದು ಗಂಟೆಯವರೆಗೆ ಅವಳದು, ಆಮೇಲೆ ಅವನದು.

ಸ್ಕರ್ಟು ಕೆಟ್ಟ ಆ ದಿನ ಅವಳು ಬೆರಳು ಮಡಚಿ ಮಡಚಿ ಕಾನೂನು ಹೇಳಿದಳು. ಟೆನ್ಷನ್ ಬದಲಿಸಿದರೆ ಚೀಟಿ ಬರೆದಿಡಬೇಕು. ಬಟ್ಟೆಯ ಹೊಟ್ಟು ಗುಡಿಸಿ ಹೋಗಬೇಕು. ಇನ್ನೊಬ್ಬರ ಹೊತ್ತಿನಲ್ಲಿ ಬಾಗಿಲು ತಟ್ಟಬಾರದು.

"ಮತ್ತೇನಾದ್ರೂ ಇದ್ಯಾ ಮೇಡಂ?"

"ಸೂಜಿ." ಅವಳ ದನಿ ತಗ್ಗಿತು. "ನನ್ನ ಹೊತ್ತಲ್ಲಿ ಸೂಜಿಗೆ ಬೇರೆಯವರು ದಾರ ಹಾಕೋ ಹಾಗಿಲ್ಲ. ಸೂಜಿ ಮಾತ್ರ ನನ್ನದು."

"ಸರಿ" ಎಂದ. ಯಾಕೆ ಎಂದು ಕೇಳಲಿಲ್ಲ.

ಕೇಳಿದ್ದರೆ ಹೇಳುವುದಕ್ಕೆ ದೊಡ್ಡ ಕಥೆಯೇನೂ ಇರಲಿಲ್ಲ. ಗಂಡ ಇದ್ದಾಗ ದಿನಾ ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ಅವಳ ಹೊಲಿಗೆ ಮಷಿನ್ನಿನ ಸೂಜಿಗೆ ದಾರ ಪೋಣಿಸಿಟ್ಟು ಹೋಗುತ್ತಿದ್ದ. ಅವಳಿಗೆ ಬರುವುದಿಲ್ಲ ಅಂತಲ್ಲ. ಹೋಗಿ ಬರ್ತೀನಿ ಎನ್ನುವುದನ್ನು ಅವನು ಹಾಗೆ ಹೇಳುತ್ತಿದ್ದ. ಅವನು ತೀರಿಕೊಂಡ ಆರನೆಯ ದಿನ ಅವನು ಪೋಣಿಸಿದ್ದ ದಾರ ಮುಗಿಯಿತು. ಅವಳು ತಾನೇ ಪೋಣಿಸಿಕೊಂಡಳು. ಅಂದಿನಿಂದ ತಾನೇ.

*

ಚೀಟಿಗಳು ಶುರುವಾದದ್ದು ಹೀಗೆ. ಮಾರನೆಯ ದಿನ ಮಷಿನ್ನಿನ ಮೇಲೆ ಕಂದು ಕಾಗದದ ಒಂದು ತುಂಡು: 'ಟೆನ್ಷನ್ ಮೊದಲಿನ ಜಾಗಕ್ಕೆ ಬಂದಿದೆ. ನಿಮ್ಮದು ಬಂದಿದೆಯಾ?'

ಅವಳು ನಗಬಾರದೆಂದು ತುಟಿ ಕಚ್ಚಿಕೊಂಡಳು. ಹಿಂದೆ ಬರೆದಳು: 'ಮಷಿನ್ ವಿಷಯ ಮಾತ್ರ ಬರೆಯತಕ್ಕದ್ದು.'

ಮಷಿನ್ ವಿಷಯ ಮಾತ್ರವೇ ಬರತೊಡಗಿತು. 'ಗುಂಡುಪಿನ್ನು ಚುಚ್ಚಿ ಹೊಲಿಯಬೇಡಿ. ಬ್ಲೇಡಿಗೆ ಸಿಕ್ಕರೆ ಬ್ಲೇಡೂ ಹೋಯಿತು, ಕಣ್ಣಿಗೆ ಹಾರಿದರೆ ಕಣ್ಣೂ ಹೋಯಿತು. ಅದು ನನಗಿಷ್ಟವಿಲ್ಲ.' ಯಾವುದು ಇಷ್ಟವಿಲ್ಲ, ಬ್ಲೇಡು ಹೋಗುವುದೋ ಕಣ್ಣು ಹೋಗುವುದೋ, ಚೀಟಿಯಲ್ಲಿ ಇರಲಿಲ್ಲ.

ಇನ್ನೊಂದು ದಿನ: 'ಕೊನೆಯಲ್ಲಿ ಅಂಚಿಗೇ ದಾರ ಕತ್ತರಿಸುತ್ತೀರಿ. ಬಿಚ್ಚಿಹೋಗುತ್ತದೆ. ಬಟ್ಟೆ ಮುಗಿದ ಮೇಲೂ ನಾಲ್ಕು ಬೆರಳು ಓಡಿಸಿ, ಜಡೆ ಬರುತ್ತದೆ. ಆ ಜಡೆಯನ್ನು ದಪ್ಪ ಸೂಜಿಗೆ ಹಾಕಿ ಹೊಲಿಗೆಯ ಒಳಗೇ ಮುಚ್ಚಿಬಿಡಿ.'

ಅವಳು ಬರೆದಳು: 'ಜಡೆ ವಿಷಯ ಗಂಡಸರಿಗೆ ಇಷ್ಟು ಹೇಗೆ ಗೊತ್ತು?'

'ಅಕ್ಕನ ತಲೆ ಬಾಚಿದ್ದೇನೆ. ಬಹುಮಾನವಾಗಿ ಎರಡು ಏಟು ತಿಂದಿದ್ದೇನೆ.'

ಅವಳನ್ನು ಹೆಚ್ಚು ಕಾಡಿಸುತ್ತಿದ್ದುದು ದಾರ ಬದಲಿಸುವ ಕೆಲಸ. ಬಣ್ಣ ಬದಲಾದಾಗಲೆಲ್ಲ ಹಳೆಯ ದಾರವನ್ನು ಪೂರ್ತಿ ಎಳೆದು, ಹೊಸದನ್ನು ಹತ್ತಾರು ಕೊಂಡಿಗಳಲ್ಲಿ ತೂರಿಸಿ, ಒಂದು ಕೊಂಡಿ ತಪ್ಪಿತೆಂದು ಮತ್ತೆ ಮೊದಲಿಂದ. ಅರ್ಧ ಬೆಳಗು ಅಲ್ಲೇ ಹೋಗುತ್ತಿತ್ತು. ಗೋಡೆಯಾಚೆ ಅವಳ ಗೊಣಗಾಟ ಕೇಳಿಸಿರಬೇಕು. ಒಂದು ಬೆಳಿಗ್ಗೆ ಬಂದು ನೋಡಿದರೆ, ಹಿಂದಿನ ಸಂಜೆ ಅವನು ಹೊಲಿದ ಹಳದಿ ದಾರ ಇರಲಿಲ್ಲ. ದಾರ ಸುತ್ತಿದ ಮೂರು ಕೋನುಗಳೂ ನೇರಳೆ. ಅವಳ ಮೇಜಿನ ಮೇಲೆ ಕತ್ತರಿಸಿಟ್ಟ ಬಟ್ಟೆಯದೇ ನೇರಳೆ. ಎರಡು ದಾರ ಅವುಗಳ ಜಾಗಕ್ಕೆ ಹೋಗಿ ಕೂತಿದ್ದವು. ಮೂರನೆಯದು ಸೂಜಿಯ ತನಕ ಬಂದು, ಕಣ್ಣಿನ ಮುಂದೆ ಸುಮ್ಮನೆ ಇಳಿಬಿದ್ದಿತ್ತು.

'ಹಳೆಯದನ್ನು ಎಳೆದು ಬಿಸಾಡಬೇಡಿ. ಕೋನಿನ ಹತ್ತಿರ ಕತ್ತರಿಸಿ, ಹೊಸದನ್ನು ಅದಕ್ಕೆ ಗಂಟು ಹಾಕಿ, ಟೆನ್ಷನ್ ಸಡಿಲಿಸಿ ಮೆಲ್ಲಗೆ ಎಳೆಯಿರಿ. ಹಳೆಯದು ದಾರಿ ತೋರಿಸುತ್ತಾ ಹೋಗುತ್ತದೆ. ಸೂಜಿಯ ಕಣ್ಣಲ್ಲಿ ಮಾತ್ರ ಗಂಟು ತೂರುವುದಿಲ್ಲ, ಅಲ್ಲಿ ಕೈಯಲ್ಲೇ ಹಾಕಬೇಕು, ಅದೂ ಎಲ್ಲ ಮುಗಿದ ಮೇಲೆ. ಅದು ನಿಮ್ಮದು, ಮುಟ್ಟಿಲ್ಲ.'

ಅವಳು ಆ ಚೀಟಿಯನ್ನು ಎರಡು ಸಲ ಓದಿದಳು. ಮಡಚಿ ಅಳತೆ ಪುಸ್ತಕದೊಳಗೆ ಇಟ್ಟುಕೊಂಡಳು.

*

ದಿನವೂ ಅವಳ ಬಣ್ಣ ಸಿದ್ಧವಾಗಿರುತ್ತಿತ್ತು. ಸೂಜಿಯ ಮುಂದೆ ದಾರ ಕಾಯುತ್ತಿರುತ್ತಿತ್ತು. ಇವನಿಗೆ ಹೇಗೆ ಗೊತ್ತಾಗುತ್ತದೆ ಎಂಬುದು ಒಂದು ಗಂಟೆಯ ಹೊತ್ತಿಗೆ ಬಯಲಾಯಿತು. ಅವಳು ಏಳುತ್ತಿದ್ದಳು, ಅವನು ಬರುತ್ತಿದ್ದ. ನಡುವೆ ಎರಡು ನಿಮಿಷ. ಆ ಎರಡು ನಿಮಿಷದಲ್ಲಿ ಅವನ ನೋಟ ಅವಳ ಭುಜ ದಾಟಿ ಅವಳ ಅಂಗಡಿಯೊಳಕ್ಕೆ ಹೋಗುತ್ತಿತ್ತು.

"ಏನು ಅಷ್ಟು ನೋಡ್ತಿದ್ದೀರಾ?"

"ನಾಳೆ ಬಟ್ಟೆ ಯಾವುದು ಅಂತ."

"ಬಟ್ಟೆ ಎಡಗಡೆ ನೇತುಹಾಕಿದೆ. ನೀವು ನೋಡ್ತಿರೋ ಕಡೆ ನಾನಿದ್ದೀನಿ."

ಅವನು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸತೊಡಗಿದ. ಒರೆಸಿದ್ದನ್ನೇ ಒರೆಸಿದ. "ಅದೂ ಕಾಣುತ್ತೆ" ಎಂದ, ಕನ್ನಡಕಕ್ಕೆ ಹೇಳುವವನ ಹಾಗೆ.

ಅಂದಿನಿಂದ ಅವಳೂ ಅವನ ಅಂಗಡಿಯೊಳಗೆ ಇಣುಕಿ, ಎದ್ದು ಹೋಗುವ ಮುಂಚೆ ಅವನ ಬಣ್ಣಗಳನ್ನು ಗಂಟು ಹಾಕಿ ಎಳೆದಿಡತೊಡಗಿದಳು. ಆಕಾಶನೀಲಿ, ಕೇಸರಿ, ಒಮ್ಮೆ ಕಣ್ಣು ಕುಕ್ಕುವ ಗುಲಾಬಿ.

"ಒಂದು ಗಂಟೆ ಆಗೋಕೆ ಇನ್ನೂ ಇಪ್ಪತ್ತು ನಿಮಿಷ ಇದೆ ಕಣೇ" ಎಂದರು ಅತ್ತೆ ಒಂದು ದಿನ. "ಎಷ್ಟು ಸಲ ಕನ್ನಡಿ ನೋಡ್ತೀಯಾ?"

"ಮುಖದ ಮೇಲೆ ಬಟ್ಟೆ ಹೊಟ್ಟು ಕೂತಿದೆ ಅತ್ತೆ."

"ಹೂಂ, ಕೂತಿರುತ್ತೆ. ನಿನ್ನೆಯೂ ಕೂತಿತ್ತು." ಅತ್ತೆ ಗುಂಡಿ ಹೊಲಿಯುತ್ತಾ ತಲೆ ಎತ್ತದೆ ಹೇಳಿದರು, "ಮೂರು ವರ್ಷ ಈ ಮನೇಲಿ ಕನ್ನಡಿ ಕೂಡ ಬೇಜಾರಾಗಿತ್ತು. ನೋಡ್ಕೋ, ನೋಡ್ಕೋ. ನನ್ನ ಮಗ ಇದ್ದಿದ್ರೂ ಇದನ್ನೇ ಹೇಳ್ತಿದ್ದ."

ಅವಳು ಕನ್ನಡಿಯಿಂದ ಮುಖ ತಿರುಗಿಸಲಿಲ್ಲ. ತಿರುಗಿಸಿದರೆ ಕಣ್ಣು ಒದ್ದೆಯಾದದ್ದು ಅತ್ತೆಗೆ ಕಾಣುತ್ತಿತ್ತು.

*

ಚೀಟಿ ಶುರುವಾದ ಎಂಟನೆಯ ತಿಂಗಳು, ಒಂದು ಗುರುವಾರ, ಒಂದು ಗಂಟೆಗೆ ಅವನು ಕನ್ನಡಕ ಒರೆಸದೆ ನೇರ ನೋಡಿ ಮಾತಾಡಿದ.

"ಅಕ್ಕ ಅವಳ ಊರಲ್ಲಿ ಒಂದು ಅಂಗಡಿ ನೋಡಿದ್ದಾಳೆ. ದೊಡ್ಡದು. ಎರಡು ಓವರ್‌ಲಾಕ್ ಮಷಿನ್ ಅಲ್ಲೇ ಇವೆ. ಶನಿವಾರದೊಳಗೆ ಹೇಳು ಅಂದಿದ್ದಾಳೆ."

"ಓ."

"ಇದನ್ನ ನೀವೇ ಇಟ್ಕೊಳ್ಳಿ. ಇಡೀ ದಿನ ನಿಮ್ಮದೇ ಆಗುತ್ತೆ."

ಅವನು ಕಾದ. ಕೂದಲಲ್ಲಿ ಒಂದು ಕೆಂಪು ದಾರ ಇತ್ತು. ಅದನ್ನು ತೆಗೆಯಬೇಕೆಂದು ಅವಳ ಕೈಗೆ ಅನ್ನಿಸಿತು. ಬಾಯಿ ಮಾತ್ರ, "ಒಳ್ಳೇದಾಯ್ತು" ಎಂದಿತು.

ಶುಕ್ರವಾರ ಬೆಳಿಗ್ಗೆ ಕಡುಹಸಿರು ದಾರ ಸಿದ್ಧವಾಗಿತ್ತು. ಸಂಗೀತ ಶಾಲೆಯ ಟೀಚರ್ ಭಾನುವಾರದ ಕಛೇರಿಗೆ ಹಾಕಿಕೊಳ್ಳಬೇಕಾದ ಗೌನು. ಚೀಟಿ ಇರಲಿಲ್ಲ. ಇಷ್ಟು ದಿನದಲ್ಲಿ ಮೊದಲ ಸಲ.

ಅವಳು ಸೂಜಿಗೆ ದಾರ ಹಾಕಿ ಹೊಲಿಯಲು ಕೂತಳು. ಬದಿಯ ಅಂಚು ಓಡುತ್ತಿತ್ತು. ಇಡೀ ದಿನ ನಿಮ್ಮದೇ ಆಗುತ್ತೆ. ಇಡೀ ದಿನ ಇಟ್ಟುಕೊಂಡು ಏನು ಮಾಡಲಿ? ಬ್ಲೇಡಿನ ಸದ್ದು ಬದಲಾಯಿತು. ಅವಳು ಕಾಲು ತೆಗೆಯುವಷ್ಟರಲ್ಲಿ, ಗೌನಿನ ಮುಂಭಾಗದ ಒಂದು ಮಡಿಕೆ ಅಂಚಿನ ಕೆಳಗೆ ಸೇರಿಕೊಂಡು, ಎದೆಯ ನಟ್ಟನಡುವೆ ಹೆಬ್ಬೆರಳಗಲದ ಕಚ್ಚು ಬಿದ್ದಿತ್ತು.

ಆ ಬಟ್ಟೆ ಅಂಗಡಿಯಲ್ಲಿ ಮತ್ತೆ ಸಿಗುವಂಥದ್ದಲ್ಲ. ಅವಳು ಎದ್ದು, ಹನ್ನೊಂದು ಗಂಟೆಗೆ, ತನ್ನದೇ ಕಾನೂನು ಮುರಿದು ಆಚೆ ಬಾಗಿಲು ತಟ್ಟಿದಳು.

ಅವನು ಗೌನನ್ನು ಬೆಳಕಿಗೆ ಹಿಡಿದ. "ಅಯ್ಯೋ" ಎನ್ನಲಿಲ್ಲ. "ಅಳಬೇಡಿ, ಹಸಿರು ಬಟ್ಟೆ. ಕಲೆ ಉಳಿಯುತ್ತೆ."

"ನಾನೆಲ್ಲಿ ಅಳ್ತಿದ್ದೀನಿ?"

"ಹಾಗಾದ್ರೆ ಸರಿ." ಅವನು ಬೆರಳಿಂದ ಕುತ್ತಿಗೆಯಿಂದ ಕೆಳಗಿನವರೆಗೆ ಒಂದು ಗೆರೆ ಎಳೆದ. "ಇಲ್ಲಿ ಪೂರ್ತಿ ಸೀಳೋಣ. ಕಚ್ಚು ಅದರಲ್ಲೇ ಹೋಗುತ್ತೆ. ನಡುವೆ ಒಂದು ಪಟ್ಟಿ ಕೂಡಿಸೋಣ. ಅಂಚು ಹೊರಗೆ ಬರೋ ಹಾಗೆ."

"ಹೊರಗಾ? ಎಲ್ಲರಿಗೂ ಕಾಣೋ ಹಾಗೆ?"

"ಒಳಗೇ ಇರಬೇಕು ಅಂತ ಯಾರು ಹೇಳಿದ್ದು? ಅಂಚು ಹೆಣೆಯೋ ಎರಡು ಲೂಪರ್‌ಗೂ ಚಿನ್ನದ ಬಣ್ಣದ ದಾರ ಹಾಕಿದ್ರೆ ಕಸೂತಿ ಥರ ಕಾಣುತ್ತೆ. ಸೂಜಿಗೆ ಹಸಿರೇ ಇರಲಿ. ಮೊದಲು ಸಾದಾ ಮಷಿನ್‌ನಲ್ಲಿ ಹೊಲಿದು ಅಳತೆ ನೋಡ್ಕೊಳ್ಳಿ. ಇದರಲ್ಲಿ ಕತ್ತರಿಸಿದ್ದು ವಾಪಸ್ ಬರಲ್ಲ."

ಸೀಳಿದರು. ಉಳಿದ ಚೂರುಗಳಲ್ಲಿ ಪಟ್ಟಿ ಕೂಡಿಸಿದರು. ಅವನು ಚಿನ್ನದ ದಾರಕ್ಕೆ ಗಂಟು ಹಾಕಿ ಎಳೆದ, ಒಂದು, ಎರಡು. ಆಮೇಲೆ ಹಸಿರು ದಾರವನ್ನು ಸೂಜಿಯ ಮುಂದೆ ತಂದು ಬಿಟ್ಟು, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತ.

ಅವಳು ದಾರ ಹಿಡಿದಳು. ತಪ್ಪಿತು. ತುದಿ ಕತ್ತರಿಸಿ ಮತ್ತೆ ಹಿಡಿದಳು. ಮೂರನೆಯ ಸಲವೂ ದಾರ ಕಣ್ಣಿನ ಪಕ್ಕ ಜಾರಿತು. ಅವನು ಉಸಿರೂ ಬಿಡದೆ ನಿಂತಿದ್ದ, ಕೈ ಹಿಂದೆಯೇ.

ಎಂಟು ತಿಂಗಳು ಈ ಮನುಷ್ಯ ಇಷ್ಟು ಹತ್ತಿರ ತಂದು ಇಲ್ಲಿಗೆ ನಿಲ್ಲಿಸಿದ್ದಾನೆ. ಒಂದು ದಿನವೂ ದಾಟಿಲ್ಲ.

"ಮಾಸ್ಟ್ರೇ."

"ಹೇಳಿ."

"ನೀವೇ ಹಾಕಿ."

ಅವನು ಅಲುಗಲಿಲ್ಲ. "ಇವತ್ತೊಂದು ದಿನಕ್ಕಾ?"

"ನಾಳೆಗೂ." ಅವಳು ದಾರವನ್ನು ಅವನ ಕಡೆ ಚಾಚಿದಳು. "ಆಮೇಲಕ್ಕೂ. ನಂಗೆ ಇಡೀ ದಿನ ಮಷಿನ್ ಬೇಡ. ಒಂದು ಗಂಟೆಗೆ ಯಾರೂ ಬರದೆ ಇದ್ರೆ, ಬೆಳಿಗ್ಗೆಯಿಂದ ನಾನು ಯಾವುದಕ್ಕೆ ಕಾಯ್ಲಿ?"

ಅವನು ದಾರ ತೆಗೆದುಕೊಂಡ. ಬೆರಳು ತಾಗಿತು, ಇಬ್ಬರೂ ಹಿಂದೆಗೆಯಲಿಲ್ಲ. ಬಗ್ಗಿ ಸೂಜಿಗೆ ಹಿಡಿದ. ತಪ್ಪಿತು. ಕನ್ನಡಕ ಮಂಜಾಗಿತ್ತು. ಮತ್ತೆ ಹಿಡಿದ. ಮತ್ತೆ ತಪ್ಪಿತು.

"ಸರೀರಿ ಇಬ್ಬರೂ!" ಬಾಗಿಲ ಹಿಂದಿನಿಂದ ಅತ್ತೆ ಬಂದೇಬಿಟ್ಟರು. "ಒಂದು ದಾರ ಹಾಕೋಕೆ ಎಂಟು ತಿಂಗಳಾ? ನಾನು ಹಾಕ್ತೀನಿ."

"ಬೇಡ!" ಎಂದರು ಇಬ್ಬರೂ ಒಟ್ಟಿಗೆ.

ಅತ್ತೆ ಸೊಸೆಯ ಮುಖ ನೋಡಿದರು. ಅವನ ಮುಖ ನೋಡಿದರು. ಅವನ ಕನ್ನಡಕ ಕಿತ್ತು, ಸೆರಗಿನ ತುದಿಯಿಂದ ಒರೆಸಿ, ಮತ್ತೆ ಮೂಗಿನ ಮೇಲೆ ಕೂರಿಸಿ, "ಈಗ ಹಾಕಪ್ಪ" ಎಂದರು.

ಅವಳು ಕೈ ಚಾಚಿ ಇವತ್ತೂ ಅವನ ಕೂದಲಲ್ಲೇ ಇದ್ದ ಕೆಂಪು ದಾರವನ್ನು ತೆಗೆದಳು. ದಾರ ಸೂಜಿಯ ಕಣ್ಣು ದಾಟಿತು.

*

ಶನಿವಾರ ಬೆಳಿಗ್ಗೆ ಅವಳು ಬೇಗ ಬಂದಳು. ನಡುಕೋಣೆಯ ಕಿಟಕಿಯಿಂದ ಬಿಸಿಲು ಮೇಜಿನ ಮೇಲೆ ಬಿದ್ದಿತ್ತು. ಮುಗಿದ ಹಸಿರು ಗೌನು ಎದೆಯ ಮೇಲೆ ಚಿನ್ನದ ಗೆರೆ ಹೊತ್ತು ಗೋಡೆಗೆ ನೇತಾಡುತ್ತಿತ್ತು. ಮೂರು ಕೋನುಗಳೂ ಬಿಳಿ. ಇವತ್ತಿನ ಬಟ್ಟೆ ಬಿಳಿ. ಒಂದು ಚೀಟಿ.

'ಅಕ್ಕನಿಗೆ ಹೇಳಿದೆ, ಬರುವುದಿಲ್ಲ ಅಂತ. ಯಾಕೆ ಅಂದಳು. ಇಲ್ಲಿ ಒಂದು ಮಷಿನ್ ಇದೆ, ಅರ್ಧ ಮಾಡಲು ಬರುವುದಿಲ್ಲ ಅಂದೆ. ಮಷಿನ್ನಿನ ಹೆಸರೇನು ಅಂತ ಕೇಳಿ ನಗುತ್ತಿದ್ದಾಳೆ. ಒಂದು ಗಂಟೆಗೆ ಬರುತ್ತೇನೆ. ಹನ್ನೆರಡಕ್ಕೆ ಬಂದರೆ ಕಾನೂನು ಒಪ್ಪುತ್ತದೆಯೇ?'

ಅವಳು ಬಗ್ಗಿ ನೋಡಿದಳು. ಸೂಜಿಯ ಕಣ್ಣಲ್ಲಿ ಬಿಳಿ ದಾರ ಇತ್ತು. ಮಷಿನ್ನಿನ ಒತ್ತುಪಾದದ ಹಿಂದೆ ನಾಲ್ಕು ಬೆರಳು ಜಡೆ ಬಿಟ್ಟಿದ್ದ.

ಅವಳು ಕುರ್ಚಿ ಎಳೆದು ಕೂತಳು. ಪೆಡಲಿನ ಮೇಲೆ ಕಾಲಿಟ್ಟಳು. ಒತ್ತಲಿಲ್ಲ.

"ಏನೇ, ಇವತ್ತು ಮಷಿನ್ ಸದ್ದೇ ಇಲ್ಲ?" ಅಂಗಡಿಯಿಂದ ಅತ್ತೆ ಕೂಗಿದರು.

"ಶುರು ಮಾಡ್ತೀನಿ ಅತ್ತೆ" ಎಂದಳು ಅವಳು. ಮೊದಲು ಓಡಿಸಿ ನೋಡಲು ಒಂದು ಚೂರು ಬಟ್ಟೆ ತೆಗೆದುಕೊಂಡಳು.