ಹರಿದ ಬ್ಯಾಗುಗಳ ಒಡತಿ

"ಜಿಪ್ ಕೆಟ್ಟಿದೆ. ಸರಿ ಮಾಡಿಕೊಡ್ತೀರಾ?"

ಆ ದನಿ ಕಿವಿಗೆ ಬಿದ್ದದ್ದೇ ತಡ, ಅವಳ ಕೈಯಲ್ಲಿದ್ದ ಕತ್ತರಿ ಅರ್ಧಕ್ಕೇ ನಿಂತಿತು.

ಅವಳು ತಲೆಯೆತ್ತಲಿಲ್ಲ. ಎತ್ತಿ ನೋಡುವ ಅಗತ್ಯವೂ ಇರಲಿಲ್ಲ. ಒಂದು ಕಾಲದಲ್ಲಿ ಇದೇ ದನಿ ಕ್ಯಾಮೆರಾದ ಹಿಂದಿನಿಂದ, "ಇಷ್ಟೆಲ್ಲ ಒಬ್ಬರೇ ಹೇಗೆ ಕಟ್ಟಿದ್ರಿ ಮೇಡಂ?" ಎಂದು ಕೇಳಿತ್ತು. ಆಗ ಅವಳು ಕೂತಿದ್ದದ್ದು ಗಾಜಿನ ಗೋಡೆಯ ಕೊಠಡಿಯಲ್ಲಿ. ಈಗ ಕೂತಿರುವುದು ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ, ಲಾಂಡ್ರಿಗೂ ಬೀಗ ರಿಪೇರಿಯವನ ಅಂಗಡಿಗೂ ನಡುವೆ ಸಿಕ್ಕಿಕೊಂಡ ಒಂದು ಕೋಣೆಯಲ್ಲಿ. ಸುತ್ತ ಹರಿದ ಸ್ಕೂಲ್ ಬ್ಯಾಗುಗಳ ರಾಶಿ.

ಅಯ್ಯೋ... ಇವರು ನನ್ನನ್ನು ಇಲ್ಲಿ, ಹೀಗೆ ನೋಡಬೇಕಿತ್ತೇ?

"ಇಟ್ಟು ಹೋಗಿ. ನಾಳೆ ಬನ್ನಿ," ಎಂದಳು, ದನಿಯನ್ನು ಆದಷ್ಟು ಬದಲಿಸಿ.

"ನಾನು ಬಂದಿದ್ದು ಬ್ಯಾಗಿಗಲ್ಲ ಮೇಡಂ," ಎಂದ ಅವನು. ಸ್ವಲ್ಪ ತಡೆದು, "ಜಿಪ್ ಕೆಟ್ಟಿರೋದಂತೂ ನಿಜ," ಎಂದು ಸೇರಿಸಿದ.

ಅವಳ ಮುಖಕ್ಕೆ ರಕ್ತ ನುಗ್ಗಿತು. ಸಿಟ್ಟೋ ಅವಮಾನವೋ, ಅವಳಿಗೇ ತಿಳಿಯಲಿಲ್ಲ.

ಹಿಂದೆ ಊರಿಡೀ ಅವಳನ್ನು 'ಬ್ಯಾಗ್ ಮೇಡಂ' ಎಂದು ಕರೆಯುತ್ತಿತ್ತು. ಶಾಲೆಗೆ ಹೋಗುವ ಮಕ್ಕಳಲ್ಲಿ ಅರ್ಧಕ್ಕರ್ಧ ಮಂದಿಯ ಬೆನ್ನ ಮೇಲೆ ಅವಳ ಕಂಪನಿಯ ಬ್ಯಾಗೇ ಇರುತ್ತಿತ್ತು. ಆದರೆ ಆ ಬ್ಯಾಗು ಹುಟ್ಟಿದ್ದು ಅವಳ ಕೈಯಲ್ಲಲ್ಲ. ಅಪ್ಪ ತೀರಿಕೊಂಡ ಮೇಲೆ ಅವಳು ಬೆಳೆದದ್ದು ಅಣ್ಣನ ಮನೆಯಲ್ಲಿ. ಅಣ್ಣನ ಹೆಂಡತಿ, ಅಂದರೆ ಅವಳ ಅತ್ತಿಗೆ, ಹೊಲಿಗೆಯಲ್ಲಿ ಎತ್ತಿದ ಕೈ. ಮಕ್ಕಳ ಹೆಗಲು ನೋಯದ ಹಾಗೆ ಅಗಲ ಪಟ್ಟಿಯ ಬ್ಯಾಗೊಂದನ್ನು ಹಳೆಯ ಪೇಪರಿನ ಮೇಲೆ ಬರೆದು, ಕತ್ತರಿಸಿ, ಮೊದಲು ಹೊಲಿದವಳು ಆ ಅತ್ತಿಗೆ. ಅದನ್ನು ಹೊತ್ತು ಅಂಗಡಿ ಅಂಗಡಿ ಸುತ್ತಿ, ಬೈಸಿಕೊಂಡು, ಮತ್ತೆ ಹೋಗಿ ಮಾರಿದವಳು ಇವಳು. ಅತ್ತಿಗೆಯ ಕೈ, ಇವಳ ಬಾಯಿ. ಹಾಗೆ ನಡುಮನೆಯಲ್ಲಿ ಶುರುವಾದದ್ದು ಶೆಡ್ಡಿಗೆ ಹೋಯಿತು, ಶೆಡ್ಡಿನಿಂದ ಕಾರ್ಖಾನೆಗೆ ಹೋಯಿತು.

ಒಂದು ಪತ್ರಿಕೆ 'ಒಂಟಿಯಾಗಿ ಗೆದ್ದವಳು' ಎಂದು ಬರೆದಾಗ ಅವಳು ತಿದ್ದಲಿಲ್ಲ. ಇನ್ನೊಂದು ಪತ್ರಿಕೆಯವರು ಬಂದಾಗ ಅವಳೇ ಹಾಗೆಂದು ಹೇಳಿದಳು. ಆಮೇಲೆ ಹೇಳುತ್ತ ಹೇಳುತ್ತ ಅದು ಅಭ್ಯಾಸವಾಗಿಬಿಟ್ಟಿತು.

ಆ ಹೊತ್ತಿಗೆ ಬಂದವನು ಈ ಡೈರೆಕ್ಟರ್. ಅವಳ ಬಗ್ಗೆ ಸಾಕ್ಷ್ಯಚಿತ್ರ ಮಾಡಲು ಕ್ಯಾಮೆರಾ ಹೊತ್ತು ಬಂದಿದ್ದ. ಮದುವೆಯ ಮಾತನ್ನು ಮುಂದೂಡುತ್ತಲೇ ನಲವತ್ತರ ಹತ್ತಿರ ಬಂದವನು, ಮಾತು ಕಡಿಮೆ, ನೋಟ ಜಾಸ್ತಿ. ಅವನು ಕಣ್ಣೆತ್ತಿ ನೋಡಿದರೆ ಅವಳು ಹೇಳುತ್ತಿದ್ದ ಮಾತನ್ನೇ ಮರೆಯುತ್ತಿದ್ದಳು. ಅವನ ಮುಂದೆ ಇನ್ನಷ್ಟು ದೊಡ್ಡವಳಾಗಿ ಕಾಣಬೇಕೆಂಬ ಆಸೆ... ಆ ಆಸೆಯೇ ಅವಳನ್ನು ಕೆಡಿಸಿತು.

ಶೂಟಿಂಗಿನ ದಿನ ಕತ್ತರಿಸುವ ಮೇಜಿನ ಬಳಿ ನಿಂತಿದ್ದ ಅತ್ತಿಗೆಯನ್ನು ತೋರಿಸಿ, "ಇವರು ಯಾರು?" ಎಂದು ಅವನು ಕೇಳಿದ.

"ಮನೇಲಿ ಕೆಲಸಕ್ಕಿರೋರು," ಎಂದುಬಿಟ್ಟಳು ಅವಳು. "ಈಗ ಟೀ ತರ್ತಾರೆ."

ಅತ್ತಿಗೆ ಕೇಳಿಸಿಕೊಂಡಳು. ಒಂದು ಕ್ಷಣ ಇವಳ ಮುಖವನ್ನೇ ನೋಡಿದಳು. ಆಮೇಲೆ ಒಳಗೆ ಹೋಗಿ ಟೀ ತಂದಳು.

ಮರುದಿನದಿಂದ ಅತ್ತಿಗೆ ಕಾರ್ಖಾನೆಗೆ ಬರಲಿಲ್ಲ. ಅಣ್ಣ ಬಂದು ಏನಾಯಿತೆಂದು ಕೇಳಿದರೆ, ಅವಳು ಮೀಟಿಂಗ್ ಇದೆ ಎಂದು ಹೇಳಿಸಿದಳು. ಅವನು ಮತ್ತೆ ಬರಲಿಲ್ಲ. ಇತ್ತ ನಿಜ ತಿಳಿಯಲು ಡೈರೆಕ್ಟರಿಗೆ ಹೆಚ್ಚು ದಿನ ಬೇಕಾಗಲಿಲ್ಲ. ಹೊಲಿಯುವ ಹೆಂಗಸರು ಮಾತುಮಾತಿಗೂ ಅತ್ತಿಗೆಯನ್ನು ನೆನೆದು 'ಅಕ್ಕ ಹೀಗೆ ಕತ್ತರಿಸಿದ್ರು, ಅಕ್ಕ ಹೀಗೆ ಹೇಳಿದ್ರು' ಎನ್ನುತ್ತಿದ್ದರು. ಅವನು ಬಂದು ನೇರವಾಗಿ ಕೇಳಿದಾಗ, ಅದೆಲ್ಲ ಚಿತ್ರಕ್ಕೆ ಬೇಡ ಎಂದು ಅವಳು ಕಡ್ಡಿ ಮುರಿದಂತೆ ಹೇಳಿದಳು. ಚಿತ್ರ ಬಂತು. ಅದರಲ್ಲಿ ಅತ್ತಿಗೆ ಇದ್ದದ್ದು ಒಂದೇ ಕಡೆ, ಟೀ ತಟ್ಟೆ ಹಿಡಿದು.

ಅತ್ತಿಗೆಯಿಲ್ಲದ ಕಾರ್ಖಾನೆ ಹೇಗೋ ಓಡಿತು. ಶಾಲೆ ಶುರುವಾಗುವ ಮುಂಚೆ ದಾರದ ಒಂದು ಲೋಡು ಕೆಟ್ಟದ್ದು ಬಂತು. ಎಳೆದರೆ ಪಟ್ಟನೆ ತುಂಡಾಗುತ್ತಿತ್ತು. ಇದರಲ್ಲಿ ಹೊಲಿಯುವುದು ಬೇಡವೆಂದು ಹೆಂಗಸರು ಎಷ್ಟೋ ಹೇಳಿದರು. ಅಂಗಡಿಯವರು ಕಾಯುತ್ತಿದ್ದಾರೆ, ಹೊಲಿದು ಕಳಿಸಿ ಎಂದಳು ಅವಳು.

ಶಾಲೆ ಶುರುವಾದ ವಾರದಲ್ಲೇ ಬ್ಯಾಗುಗಳು ಕಿತ್ತುಬಂದವು. ಬೀದಿಬೀದಿಯಲ್ಲಿ ಪುಸ್ತಕ ಚೆಲ್ಲಿಕೊಂಡು ನಿಂತ ಮಕ್ಕಳ ಫೋಟೋಗಳು ಎಲ್ಲರ ಮೊಬೈಲಿಗೂ ಬಂದವು. ಟಿವಿಯವರು ಮೈಕ್ ಹಿಡಿದಾಗ ಅವಳು ಹೇಳಿದ್ದು ಒಂದೇ ಮಾತು: ಹೊಲಿಯುವವರ ಬೇಜವಾಬ್ದಾರಿ. ಮರುದಿನ, ದಾರದ ಬಗ್ಗೆ ಎಚ್ಚರಿಸಿದ್ದ ಹೆಂಗಸರನ್ನೇ ಕೆಲಸದಿಂದ ಬಿಡಿಸಿದಳು.

ಅದೇ ಸಂಜೆ ಟಿವಿಯಲ್ಲಿ ಅವಳ ಸಾಕ್ಷ್ಯಚಿತ್ರದ ತುಣುಕು ಬಂತು. 'ಪ್ರತಿ ಹೊಲಿಗೆಯನ್ನೂ ನಾನೇ ನೋಡ್ತೀನಿ' ಎಂದು ಅವಳು ನಗುತ್ತಿದ್ದಳು, ಪಕ್ಕದಲ್ಲೇ ಹರಿದ ಬ್ಯಾಗು. ಊರೆಲ್ಲ ನಕ್ಕಿತು. ಕಂಪನಿ ಮುಚ್ಚಿತು. ತುಣುಕನ್ನು ಡೈರೆಕ್ಟರೇ ಕೊಟ್ಟಿದ್ದಾನೆಂದು ಅವಳು ನಂಬಿದಳು. ಅವನ ಫೋನ್ ಬಂದರೂ ಎತ್ತಲಿಲ್ಲ.

ಎಷ್ಟೋ ತಿಂಗಳು ಪರದೆ ಎಳೆದುಕೊಂಡು ಮನೆಯೊಳಗೇ ಕೂತಳು. ಒಂದು ಬೆಳಿಗ್ಗೆ ಹಾಲು ತರಲು ಹೊರಟಾಗ ರಸ್ತೆಯಲ್ಲಿ ಒಂದು ಪುಟ್ಟ ಹುಡುಗಿ ಎದುರಾದಳು. ಬೆನ್ನ ಮೇಲಿರಬೇಕಾದ ಬ್ಯಾಗನ್ನು ಎದೆಗವಚಿಕೊಂಡಿದ್ದಳು. ಕಿತ್ತ ಪಟ್ಟಿಗೆ ಹಗ್ಗ ಕಟ್ಟಿತ್ತು. ಅವಳದೇ ಕಂಪನಿಯ ಬ್ಯಾಗು! ಮುಖ ಮುಚ್ಚಿಕೊಂಡು ಓಡಿಬಿಡಬೇಕೆನ್ನಿಸಿತು. ಓಡಲಿಲ್ಲ. ಜೊತೆಗಿದ್ದ ಹುಡುಗಿಯ ತಾಯಿಯನ್ನು ಕೇಳಿ, ಮನೆಯೊಳಗೆ ಕರೆದು, ಮೆಟ್ಟಿಲ ಕೆಳಗೆ ಧೂಳು ಹಿಡಿದಿದ್ದ ಮೆಷಿನ್ನಿನಲ್ಲಿ ಹೊಲಿದುಕೊಟ್ಟಳು.

ಆಮೇಲೆ ಈ ಕೋಣೆ ಹಿಡಿದಳು. ಆ ಕಂಪನಿಯ ಬ್ಯಾಗು ಹರಿದಿದ್ದರೆ ತನ್ನಿ, ಪುಕ್ಕಟೆ ಹೊಲಿದುಕೊಡುತ್ತೇವೆ ಎಂದು ಬಾಗಿಲಿಗೆ ಬರೆಸಿದಳು. ಉಳಿದ ರಿಪೇರಿಯಿಂದ ಹೊಟ್ಟೆಪಾಡು ನಡೆಯುತ್ತಿತ್ತು. ಬಂದ ತಾಯಂದಿರಲ್ಲಿ ಕೆಲವರು ಗುರುತು ಹಿಡಿದು ಮುಖದ ಮೇಲೆ ಹೊಡೆದಂತೆ ಮಾತಾಡಿದರು. ಅವಳು ತಲೆ ತಗ್ಗಿಸಿ ಹೊಲಿದಳು. ಹೊಲಿಯುವಾಗ ಅವರ ಕಣ್ಣು ನೋಡಬೇಕಾಗಿರಲಿಲ್ಲ, ಅದೊಂದೇ ಸಮಾಧಾನ.

ಹಾಗೆ ಕೆಲವು ವರ್ಷ ಕಳೆದ ಮೇಲೆ, ಈಗ ಅದೇ ಬಾಗಿಲಲ್ಲಿ ಅವನು ನಿಂತಿದ್ದ. ಮತ್ತೊಂದು ಚಿತ್ರ ಮಾಡಬೇಕೆಂದಿದ್ದೇನೆ, ಈ ಸಲ ನಡೆದದ್ದು ನಡೆದ ಹಾಗೆ, ಎಂದ.

ಅವಳಿಗೆ ತಡೆಯಲಾಗಲಿಲ್ಲ. "ಅವತ್ತು ಟಿವಿಯವರಿಗೆ ಮಾರಿಕೊಂಡಿದ್ದು ಸಾಕಾಗಲಿಲ್ವಾ? ಈಗ ಇದನ್ನೂ ಮಾರಬೇಕಾ?"

ಅವನು ನಿಧಾನವಾಗಿ ಹೇಳಿದ. ತುಣುಕು ಕೊಟ್ಟದ್ದು ಚಿತ್ರದ ನಿರ್ಮಾಪಕ. ಗೊತ್ತಾದ ದಿನವೇ ಇವನು ಆ ನಿರ್ಮಾಪಕನ ಕೆಲಸ ಬಿಟ್ಟಿದ್ದ. ಅದನ್ನು ಹೇಳಲೆಂದೇ ಆಗ ಅಷ್ಟು ಸಲ ಫೋನ್ ಮಾಡಿದ್ದ.

ಇಷ್ಟು ವರ್ಷ ಇವರನ್ನು ಶಪಿಸಿದ್ದು ಸುಮ್ಮಸುಮ್ಮನೆಯೇ?

"ಆದ್ರೆ ನಾನು ಒಳ್ಳೆಯವನು ಅಂತ ಹೇಳೋಕೆ ಬಂದಿಲ್ಲ," ಎಂದ ಅವನು. "ನಿಮ್ಮ ಅತ್ತಿಗೆನ ಚಿತ್ರದಿಂದ ಕತ್ತರಿಸಿ ಹಾಕಿದ ಕೈ ನನ್ನದೇ."

"ನಾನು ಹೇಳಿದ್ದಕ್ಕೆ ತಾನೆ ಮಾಡಿದ್ದು?"

"ನೀವು ಹೇಳಿದ್ರಿ. ಸುಳ್ಳು ಅಂತ ನನಗೆ ಗೊತ್ತಿತ್ತು. ಗೊತ್ತಿದ್ದೂ ಮಾಡ್ದೆ."

ಯಾಕೆ ಎಂದು ಅವಳು ಕೇಳಿದಳು. ಅವನು ಬ್ಯಾಗನ್ನು ಮೇಜಿನ ಮೇಲಿಟ್ಟು, ನಾಳೆ ಬರುತ್ತೇನೆಂದು ಹೊರಟುಹೋದ.

ಮರುದಿನ ಬಂದ. ಅದರ ಮರುದಿನವೂ ಬಂದ. ಕ್ಯಾಮೆರಾ ತೆಗೆಯಲೇ ಇಲ್ಲ. ಮೂಲೆಯ ಸ್ಟೂಲಿನ ಮೇಲೆ ಕೂತು ಹಳೆಯ ದಾರ ಬಿಚ್ಚಿಕೊಡುತ್ತಿದ್ದ. ಒಮ್ಮೆ ತಾನೇ ಹೊಲಿಯುತ್ತೇನೆಂದು ಹೊರಟು ಯಾವುದೋ ಮಗುವಿನ ಬ್ಯಾಗಿನ ಜೇಬನ್ನೇ ಬಾಯಿ ಮುಚ್ಚಿ ಹೊಲಿದುಬಿಟ್ಟ. ಅವಳಿಗೆ ನಗು ಬಂತು. ಎಷ್ಟು ಕಾಲವಾಗಿತ್ತೋ ಅವಳು ನಕ್ಕು! ನಕ್ಕ ಮರುಕ್ಷಣವೇ, ನಗುವ ಮುಖ ನನಗೆಲ್ಲಿದೆ ಎನ್ನಿಸಿ ಬಾಯಿಗೆ ಕೈ ಅಡ್ಡ ಹಿಡಿದಳು. ಅವನು ನೋಡಿದ. ನೋಡಿಯೂ ಏನೂ ಕೇಳದೆ ಜೇಬಿನ ಹೊಲಿಗೆ ಬಿಚ್ಚತೊಡಗಿದ.

ಕೊನೆಗೆ ಅವಳೇ ಹೇಳಿದಳು. ಕ್ಯಾಮೆರಾದ ಮುಂದೆ ಎಲ್ಲವನ್ನೂ ಹೇಳುತ್ತೇನೆ, ಆದರೆ ಅದಕ್ಕೆ ಮೊದಲು ಅತ್ತಿಗೆಯ ಮುಂದೆ ಹೇಳಬೇಕು. ಅಲ್ಲಿಗೆ ಕ್ಯಾಮೆರಾ ಬೇಡ.

ಅವನು ಜೊತೆಗೆ ಬಂದು ಕೆಳಗೆ ಅಣ್ಣನ ಮನೆಯ ಗೇಟಿನ ಬಳಿ ನಿಂತ. ಅವಳು ಮೆಟ್ಟಿಲು ಹತ್ತಿದಳು.

ಬಾಗಿಲು ತೆರೆದ ಅತ್ತಿಗೆಯ ಕೂದಲು ನೆರೆತಿತ್ತು. ಒಳಗೆ ಬಾ ಎಂದಳು, ಅಷ್ಟೇ. ಒಣಗಿದ ಬಟ್ಟೆ ಮಡಿಸುತ್ತಾ ಕೂತಳು. ಅಣ್ಣ ಒಳಗಿನ ಕೋಣೆಯಲ್ಲಿದ್ದ, ಹೊರಗೆ ಬರಲಿಲ್ಲ.

ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತುಗಳನ್ನು ಅವಳು ಶುರು ಮಾಡುವ ಮೊದಲೇ ಅತ್ತಿಗೆ ಮಾತು ತೆಗೆದಳು.

"ನನ್ನ ಹೆಸರು ಹೇಳಲಿಲ್ಲ ಅಂತ ನನಗೆ ಬೇಜಾರಿರಲಿಲ್ಲ ಪುಟ್ಟಿ. ಹೆಸರು ಇಟ್ಕೊಂಡು ನಾನೇನು ಮಾಡ್ಲಿ? ಆದ್ರೆ ಅವತ್ತು ಕೆಲಸದವಳು ಅಂದ್ಯಲ್ಲ, ಅದನ್ನ ಕೇಳಿಸ್ಕೊಂಡೂ ನಾನು ಹೋಗಿ ಟೀ ತಂದೆ ನೋಡು... ಯಾಕೆ ತಂದೆ ಅಂತ ಇವತ್ತಿಗೂ ನನ್ನ ಮೇಲೆ ನನಗೇ ಸಿಟ್ಟು."

ಅವಳಿಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ತಾನು ಆಡಿದ ಒಂದು ಮಾತಿಗೆ ಈ ಜೀವ ಇಷ್ಟು ವರ್ಷ ತನ್ನನ್ನೇ ಬೈದುಕೊಂಡಿತ್ತಲ್ಲ...

"ನೀವಿಲ್ಲದೆ ನಾನಿಲ್ಲ ಅಂತ ಆ ಡೈರೆಕ್ಟರಿಗೆ ಗೊತ್ತಾಗಿಬಿಡುತ್ತೆ ಅಂತ ಹಾಗಂದೆ ಅತ್ತಿಗೆ," ಎಂದಳು. "ಅಷ್ಟು ಸಣ್ಣವಳು ನಾನು. ಕ್ಷಮಿಸಿ ಅಂತ ಕೇಳೋಕೂ ಮುಖ ಇಲ್ಲ."

ಅವಳು ಅತ್ತಳು. ಅತ್ತಿಗೆ ಅಳಲು ಬಿಟ್ಟಳು. ಕೊನೆಯ ಬಟ್ಟೆ ಮಡಿಸಿಟ್ಟ ಮೇಲೆ ಕೇಳಿದಳು.

"ನನ್ನ ಹತ್ರ ಅಳೋದು ಸುಲಭ ಕಣೇ, ನಾನು ಮನೆಯವಳು. ಕೆಲಸದಿಂದ ಬಿಡಿಸಿದ್ಯಲ್ಲ, ಆ ಹೆಂಗಸರ ಮನೆಗೆ ಹೋದ್ಯಾ?"

ಹೋಗಿರಲಿಲ್ಲ.

ಅಂದಿನಿಂದ ಅವಳು ಒಬ್ಬೊಬ್ಬರ ಮನೆ ಹುಡುಕಿಕೊಂಡು ಹೋದಳು. ಡೈರೆಕ್ಟರ್ ಬರಿಗೈಯಲ್ಲಿ ಜೊತೆಗಿದ್ದ. ಒಬ್ಬಳು ನೀರು ಕೊಟ್ಟು ಪೂರ್ತಿ ಕೇಳಿಸಿಕೊಂಡಳು. ಒಬ್ಬಳು, ಟಿವಿಯಲ್ಲಿ ಹೇಳಿದ್ದನ್ನು ಈಗ ಮನೆಗೆ ಬಂದು ಗುಟ್ಟಾಗಿ ಅಲ್ಲವೆಂದರೆ ಯಾರಿಗೆ ಕೇಳಿಸುತ್ತದೆ ಎಂದಳು. ಆ ಮಾತು ನ್ಯಾಯವಾಗಿತ್ತು. ಇನ್ನೊಬ್ಬಳು ಮುಖ ನೋಡಿದವಳೇ ಬಾಗಿಲು ಹಾಕಿಕೊಂಡಳು. ಅವಳು ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತಳು. ಅವನೂ ಪಕ್ಕದಲ್ಲಿ ಕೂತ. ಸಮಾಧಾನದ ಒಂದು ಮಾತೂ ಆಡಲಿಲ್ಲ. ಆಡದೇ ಇದ್ದದ್ದಕ್ಕೇ ಅವಳಿಗೆ ಅವನ ಹೆಗಲಿಗೆ ಒರಗಬೇಕೆನ್ನಿಸಿತು. ನಾನು ಯಾವ ಮುಖ ಇಟ್ಟುಕೊಂಡು... ಎಂದುಕೊಂಡು ದೂರ ಸರಿದು ಕೂತಳು.

ಚಿತ್ರ ಮುಗಿದ ಮೇಲೆ ಒಂದು ಭಾನುವಾರ ಮಧ್ಯಾಹ್ನ, ಅದೇ ರಿಪೇರಿ ಕೋಣೆಯ ಗೋಡೆಯ ಮೇಲೆ ತೋರಿಸಿದರು. ಅತ್ತಿಗೆ ಬಂದಳು. ಆ ಹೆಂಗಸರಲ್ಲಿ ಕೆಲವರು ಬಂದರು. ಅಣ್ಣ ಬರಲಿಲ್ಲ.

ಗೋಡೆಯ ಮೇಲೆ ಅವಳ ಮುಖ ದೊಡ್ಡದಾಗಿ ಮೂಡಿತು. ದಾರ ಕೆಟ್ಟದ್ದೆಂದು ತಿಳಿದೂ ಹೊಲಿಸಿದ್ದು, ಎಚ್ಚರಿಸಿದವರ ತಲೆಗೇ ತಪ್ಪು ಕಟ್ಟಿದ್ದು, ಅತ್ತಿಗೆಯನ್ನು ಕೆಲಸದವಳೆಂದದ್ದು, ಒಂದನ್ನೂ ಮುಚ್ಚಿಡದೆ ಹೇಳಿದ್ದಳು. ಅತ್ತಿಗೆಯನ್ನು ಮೊದಲ ಚಿತ್ರದಿಂದ ತೆಗೆದವನು ನಾನು ಎಂಬ ಅವನ ದನಿಯೂ ಅದರಲ್ಲಿತ್ತು. ಅವಳು ತಲೆಯೆತ್ತದೆ ಹಿಂದಿನ ಸಾಲಿನಲ್ಲಿ ಕೂತಿದ್ದಳು.

ಅಷ್ಟರಲ್ಲಿ ಹಿಂದೊಮ್ಮೆ ಅವನು ಚಿತ್ರೀಕರಿಸಿ ಬಳಸದೇ ಬಿಟ್ಟಿದ್ದ ದೃಶ್ಯ ಬಂತು. ಅತ್ತಿಗೆ ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡು ಬಟ್ಟೆ ಕತ್ತರಿಸುತ್ತಿದ್ದಳು.

"ಆಗ ನಾನು ಎಷ್ಟು ತೆಳ್ಳಗಿದ್ದೆ ನೋಡ್ರೇ," ಎಂದಳು ಅತ್ತಿಗೆ.

ಎಲ್ಲರೂ ನಕ್ಕರು. ಬಾಗಿಲು ಹಾಕಿಕೊಂಡಿದ್ದ ಹೆಂಗಸೂ ಅಲ್ಲಿದ್ದಳು. ಅವಳು ನಗಲಿಲ್ಲ, ಆದರೆ ಎದ್ದು ಹೋಗುವಾಗ ಇವಳ ಪಕ್ಕ ನಿಂತು, ಕೆಲಸವೇನಾದರೂ ಇದ್ದರೆ ಹೇಳಿಕಳಿಸು ಎಂದು ಹೋದಳು. ಅತ್ತಿಗೆ ಹೊರಡುವ ಮುನ್ನ ಮೇಜಿನ ಮೇಲಿದ್ದ ಬ್ಯಾಗೊಂದನ್ನು ಎತ್ತಿ ತಿರುಗಿಸಿ ನೋಡಿ, ಪಟ್ಟಿ ಹೀಗೆ ಹೊಲಿದರೆ ಮಕ್ಕಳ ಹೆಗಲು ಉಳಿದ ಹಾಗೇ ಎಂದು ಬೈದಳು. ಸೋಮವಾರ ಬಂದು ತೋರಿಸುತ್ತೇನೆ ಎಂದಳು. ಹೊಸದಾಗಿ ಏನಾದರೂ ಶುರು ಮಾಡುವುದಾದರೆ ಬೋರ್ಡಿನ ಮೇಲೆ ನಿಮ್ಮ ಹೆಸರೇ ಇರಬೇಕು, ನಾನು ನಿಮ್ಮ ಕೈಕೆಳಗೆ ಎಂದು ಇವಳು ಹೇಳಿದ್ದಕ್ಕೆ, ಅದನ್ನೆಲ್ಲ ಸೋಮವಾರ ನೋಡೋಣ ಎಂದು ಚಪ್ಪಲಿ ಮೆಟ್ಟಿಕೊಂಡಳು.

ಎಲ್ಲರೂ ಹೋದರು. ಸಂಜೆಯ ಬೆಳಕು ಕಿಟಕಿಯಿಂದ ನೆಲಕ್ಕೆ ಬಿದ್ದಿತ್ತು. ಅವನು ವೈರು ಸುತ್ತುತ್ತಿದ್ದ. ಅವಳು ಕುರ್ಚಿ ಮಡಿಸುತ್ತಿದ್ದಳು.

"ಗೊತ್ತಿದ್ದೂ ಅತ್ತಿಗೆ ದೃಶ್ಯ ಯಾಕೆ ಕತ್ತರಿಸಿದ್ರಿ? ಅವತ್ತು ನೀವು ಹೇಳಲೇ ಇಲ್ಲ."

ಅವನ ಕೈ ನಿಂತಿತು. "ಬೇಡ ಅಂದ್ರೆ ನೀವು ಮತ್ತೆ ನನ್ನ ಮುಖ ನೋಡಲ್ಲ ಅಂತ ಹೆದರಿಕೆ ಆಯ್ತು."

"ಅಷ್ಟಕ್ಕೇನಾ?"

"ಆಗ ನನಗೆ ಅದೇ ದೊಡ್ಡದು."

ಅವನು ವೈರನ್ನು ಕೆಳಗಿಟ್ಟು ಹತ್ತಿರ ಬಂದ. ಮುಂದಿನ ಮಾತಿಗೆ ಬಹಳ ತಡಕಾಡಿದ.

"ನಾಳೆಯಿಂದ ಇಲ್ಲಿಗೆ ಬರೋಕೆ ನನಗೆ ಕಾರಣ ಇಲ್ಲ. ಚಿತ್ರ ಮುಗೀತು. ಕಾರಣ ಇಲ್ಲದೇನೂ ಬರಬಹುದಾ... ಜೀವನ ಪೂರ್ತಿ?"

ಅವಳ ಕಣ್ಣು ತುಂಬಿತು. "ನಾನೆಂಥವಳು ಅಂತ ಈಗ ತಾನೇ ಗೋಡೆ ತುಂಬ ನೋಡಿದ್ರಲ್ಲ."

"ನೋಡಿಯೇ ಕೇಳ್ತಿದ್ದೀನಿ."

ಅವಳು ಮುಖ ತಿರುಗಿಸಿಕೊಂಡಳು. ಅವನು ಕಾದ.

"ಏನಾದ್ರೂ ಹೇಳಿ."

"ನಾಚಿಕೆ ಆಗ್ತಿದೆ," ಎಂದಳು ಪಿಸುದನಿಯಲ್ಲಿ.

ಅವನ ಮುಖ ಬಾಡಿತು. "ಇನ್ನೂ ಅದೇ ನಾಚಿಕೇನಾ?"

ಅವಳು ಇಲ್ಲವೆಂದು ತಲೆಯಾಡಿಸಿದಳು. ಕೆನ್ನೆ ಕೆಂಪಾಗಿತ್ತು. ಅವನ ಬೆರಳುಗಳನ್ನು ತಾನೇ ಹುಡುಕಿ ಹಿಡಿದುಕೊಂಡಳು.

"ಅದಲ್ಲ... ಇದು ಬೇರೆ."