ಮೊದಲ ಬೆಂಚಿನ ಮುಂದೆ ಮಾತ್ರ ಆಗುವ ತಪ್ಪು

ಲೆಕ್ಕದ ಮೇಷ್ಟ್ರು ಬೋರ್ಡಿನ ಮೇಲೆ ಅರ್ಧಕ್ಕೆ ಒಂದು ಬೈ ಮೂರು ಕೂಡಿಸಿ ಎರಡು ಬೈ ಐದು ಅಂತ ಬರೆದಾಗ, ಮೊದಲ ಬೆಂಚಿನಲ್ಲಿದ್ದ ಅವಳಿಗೆ ಮೈಯೆಲ್ಲ ಉರಿದುಹೋಯಿತು. ಮತ್ತೆ ಶುರು ಹಚ್ಕೊಂಡ ಮಹಾರಾಯ!

"ಸರ್, ತಪ್ಪು. ಐದು ಬೈ ಆರು."

"ಹೌದಲ್ವಾ! ಥ್ಯಾಂಕ್ಸ್ ಮೇಡಂ." ಅವನು ತಲೆ ಕೆರೆದುಕೊಂಡು ಒರೆಸಿದ.

ಟೀಚರ್ ಆಗಬೇಕೆಂದು ಟ್ರೈನಿಂಗಿಗೆ ಸೇರಿದ್ದ ಈ ಇಪ್ಪತ್ತಾರರ ಹುಡುಗಿಗೆ ಲೆಕ್ಕ ಅಂದರೆ ಜೀವ ಹೋಗುತ್ತಿತ್ತು. ಚಾಕ್‌ಪೀಸ್ ಹಿಡಿ ಅಂದರೆ ಕೊನೆಯ ಬೆಂಚಿನಲ್ಲಿ ತಲೆ ತಗ್ಗಿಸಿ ಅಡಗೋಳು. ಅಂಥವರ ಭಯ ಬಿಡಿಸಲೆಂದೇ ಪಕ್ಕದ ಹೈಸ್ಕೂಲಿನಿಂದ ಶನಿವಾರ ಶನಿವಾರ ಬರುತ್ತಿದ್ದವನು ಇವನು. ಅವನು ತಪ್ಪುತ್ತಿದ್ದ, ಇವಳು ತಿದ್ದುತ್ತಿದ್ದಳು. ಕೊನೆಯ ಬೆಂಚಿನಿಂದ ಮೊದಲ ಬೆಂಚಿಗೆ ಬರುವಷ್ಟು ಧೈರ್ಯ ಬಂದದ್ದೂ ಹಾಗೇ.

ಆದರೆ ಅವತ್ತು ಬೆಳಿಗ್ಗೆ ಅವನದೇ ಇನ್ನೊಂದು ಬ್ಯಾಚಿನ ಬಾಗಿಲಲ್ಲಿ ಇಣುಕಿದ್ದಳು. ಬೋರ್ಡು ತುಂಬ ಲೆಕ್ಕ, ಒಂದೇ ಒಂದು ತಪ್ಪಿಲ್ಲ! ಅಂದರೆ ನನ್ನ ಮುಂದೆ ಮಾತ್ರ ನಾಟಕ. ಪಾಪ ಅಂತ ಕನಿಕರ. ಹಾಗಾದರೆ ನಾನು ಕಲಿತದ್ದಾದರೂ ನಿಜವೋ ಸುಳ್ಳೋ? ಸೋಮವಾರ ಪರೀಕ್ಷಕರ ಎದುರು ಪಾಠ ಮಾಡಬೇಕು. ಫೇಲಾದರೆ ಟೀಚರ್ ಕೆಲಸ ಕೈತಪ್ಪಿದ ಹಾಗೇ.

ಕ್ಲಾಸು ಮುಗಿದದ್ದೇ ಅಡ್ಡ ನಿಂತಳು.

"ನಿಜ ಹೇಳಿ. ಬೇಕಂತಲೇ ತಪ್ಪು ಮಾಡ್ತೀರಿ ತಾನೇ?"

"ಮೊದಲ ಎರಡು ವಾರ ಹೌದು. ಎಲ್ಲ ಬ್ಯಾಚಿಗೂ ಹಾಗೇ ಶುರು ಮಾಡೋದು. ತಪ್ಪಿದ್ರೆ ಆಕಾಶ ಕಳಚಿ ಬೀಳಲ್ಲ ಅಂತ ತೋರಿಸೋಕೆ."

"ಆಮೇಲಿನವು?"

"ಅವು... ನಿಜವಾದವು."

"ಓಹೋ! ಅಲ್ಲಿ ತಪ್ಪದವರು ಇಲ್ಲಿ ಯಾಕೆ ತಪ್ತೀರಿ?"

ಅವನು ಒರೆಸಿದ್ದ ಬೋರ್ಡನ್ನೇ ಮತ್ತೆ ಒರೆಸತೊಡಗಿದ. ಕುತ್ತಿಗೆಯವರೆಗೆ ಕೆಂಪೇರಿತ್ತು. "ಅಲ್ಲಿ ಮೊದಲ ಬೆಂಚಲ್ಲಿ ನೀವಿರಲ್ಲ."

"ಕಿವಿ ಮೇಲೆ ಹೂ ಇಡಬೇಡಿ ಸರ್!" ಬ್ಯಾಗು ಎಳೆದುಕೊಂಡು ಹೊರಟೇಬಿಟ್ಟಳು. ಹಾಳು ಎದೆ ಮಾತ್ರ ಗೇಟಿನವರೆಗೂ ಹೊಡೆದುಕೊಳ್ಳುತ್ತಿತ್ತು.

ಸೋಮವಾರ ಐದನೇ ತರಗತಿ. ಪರೀಕ್ಷಕರು ಹಿಂದೆ ಕೂತಿದ್ದರು. ಪಾಠ ಸರಾಗವಾಗಿ ಸಾಗಿತ್ತು. ಅಷ್ಟರಲ್ಲಿ ಅವನು ಹಿಂದಿನ ಬಾಗಿಲಿನಿಂದ ಸದ್ದಿಲ್ಲದೆ ಬಂದು ಮೂಲೆಯಲ್ಲಿ ಕೂತ. ಕಣ್ಣಿಗೆ ಕಣ್ಣು ಸೇರಿತು. ಅವಳು ತಿರುಗಿ, ಕಾಲು ಭಾಗಕ್ಕೆ ಅರ್ಧ ಕೂಡಿಸಿ ಎರಡು ಬೈ ಆರು ಅಂತ ಬರೆದಳು.

"ಮಿಸ್, ತಪ್ಪು! ಮುಕ್ಕಾಲು ಬರ್ಬೇಕು!" ಎರಡು ಜಡೆಯ ಹುಡುಗಿಯೊಬ್ಬಳು ಎದ್ದೇ ನಿಂತಳು.

ಮೊದಲಾಗಿದ್ದರೆ ಅಲ್ಲೇ ಅತ್ತುಬಿಡುತ್ತಿದ್ದಳು. ಈಗ ನಗು ಬಂತು. "ಭೇಷ್! ಬಾ, ಹೇಗೆ ಅಂತ ಎಲ್ಲರಿಗೂ ತೋರಿಸು."

ಪಾಠ ಮುಗಿದ ಮೇಲೆ ಪರೀಕ್ಷಕರು ಸಹಿ ಹಾಕುತ್ತಾ ಕೇಳಿದರು. "ಪಾಸಮ್ಮ. ಆ ತಪ್ಪು ಮಾತ್ರ ಬೇಕಂತಲೇ ಮಾಡಿದ್ದು, ಅಲ್ವಾ?"

"ಇಲ್ಲ ಸರ್. ನಿಜವಾಗ್ಲೂ ತಪ್ಪಿದ್ದು." ಹೇಳಿದ ಮೇಲೆ ಅವಳಿಗೇ ಹೊಳೆಯಿತು. ಅಯ್ಯೋ, ಅವನು ಹೇಳಿದ್ದೂ ಇದೇ ಅಲ್ವಾ!

ಅವನು ಕಾರಿಡಾರಿನಲ್ಲಿ ಕಾಯುತ್ತಿದ್ದ. "ಏನಾಯ್ತು?"

"ಪಾಸ್. ಒಂದು ತಪ್ಪಾಯ್ತು, ನೀವು ಒಳಗೆ ಬಂದದ್ದಕ್ಕೆ." ಮುಖ ಬಿಸಿಯಾದರೂ ಅವಳು ಕಣ್ಣು ತಪ್ಪಿಸಲಿಲ್ಲ. "ಈಗ ನಿಮ್ಮ ಮಾತು ನಂಬ್ತೀನಿ. ನನಗೂ ನೀವು ಇಷ್ಟ. ಆದ್ರೆ ಇನ್ಮೇಲೆ ನನ್ನ ಕ್ಲಾಸೊಳಗೆ ಕಾಲಿಡಬೇಡಿ, ಮಕ್ಕಳು ಹಾಳಾಗ್ತಾರೆ."

"ಹೊರಗೆ ಕಾಯಲಾ?"

"ದಿನಾ," ಅಂದಳು.